ಕೊಕ್ಕೆಗೆ ಏರಿದ ಗಂಟೆ

ವಾರ್ಡಿನಲ್ಲಿ ಅವನಿಗೆ ಗಂಟೆ ತಾತ ಎಂದೇ ಹೆಸರು ಬಿದ್ದಿತ್ತು. ಎಡಗಾಲಿಗೆ ಲಕ್ವ ಹೊಡೆದು ಬಂದು ಮಲಗಿದ್ದ ಮುದುಕ. ತಲೆಯ ಹಿಂದಿನ ಗೋಡೆಯಿಂದ ಒಂದು ವೈರು ಇಳಿಬಿದ್ದಿತ್ತು. ಅದರ ತುದಿಯ ಗುಂಡಿ ಒತ್ತಿದರೆ ನರ್ಸುಗಳ ಮೇಜಿನ ಹತ್ತಿರ ಗಂಟೆ ಬಾರಿಸುತ್ತದೆ. ಫ್ಯಾನು ಜೋರಾಯಿತು, ಒತ್ತು. ಫ್ಯಾನು ನಿಧಾನವಾಯಿತು, ಒತ್ತು. ದಿಂಬು ಜಾರಿತು, ಹೊರಗೆ ಮೋಡ ಆಗಿದೆಯಾ, ಮಗಳು ಬಂದಳಾ, ಎಲ್ಲಕ್ಕೂ ಒತ್ತು.

"ಈ ತಾತನ್ನ ದೇವರು ಬಂದು ಕರೆದ್ರೂ, ಸ್ವಲ್ಪ ತಾಳಪ್ಪ, ಸಿಸ್ಟರನ್ನ ಒಂದ್ಮಾತು ಕೇಳ್ತೀನಿ ಅಂತ ಬೆಲ್ ಒತ್ತುತ್ತಾನೆ ನೋಡಿ," ಎಂದು ವಾರ್ಡಿನ ಆಯಾ ನಗುತ್ತಿದ್ದಳು.

ದೊಡ್ಡ ಸಿಸ್ಟರ್ ನಗುತ್ತಿರಲಿಲ್ಲ. ಆ ವಾರ್ಡಿನ ಹಿರಿಯ ನರ್ಸು ಅವಳು. ಕಲಿಯಲು ಬರುವ ಹುಡುಗಿಯರಿಗೆ ಮೊದಲ ದಿನವೇ ಒಂದು ಪಾಠ ಹೇಳುತ್ತಿದ್ದಳು. "ನಡೆಯೋಕೆ ಆಗದವನಿಗೆ ಬೆಲ್ಲೇ ಕಾಲು. ಅದು ಅವನ ಕೈಗೆ ಸಿಗೋ ಹಾಗೆ ಇಡದೆ ಹಾಸಿಗೆ ಬಿಟ್ಟು ಕದಲಬೇಡಿ. ಅವನು ಬಿದ್ದರೆ ಕಾನೂನು ಕೇಳೋದು ನಿಮ್ಮನ್ನ. ಕಾನೂನು ಕೇಳದಿದ್ರೂ ಒಳಗೊಬ್ಬ ಕೂತಿರ್ತಾನಲ್ಲ, ಅವನು ಬಿಡಲ್ಲ." ಹುಡುಗಿಯರು ತಲೆಯಾಡಿಸುತ್ತಿದ್ದರು.

ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಆ ಮಧ್ಯಾಹ್ನ ವಾರ್ಡು ತಣ್ಣಗಿತ್ತು. ಬೆಳಗ್ಗೆಯಿಂದ ಬೆನ್ನು ನೆಟ್ಟಗೆ ಮಾಡಿರದ ದೊಡ್ಡ ಸಿಸ್ಟರ್ ಒಂದು ಲೋಟ ಚಹಾ ಹಿಡಿದು ಕೂತಳು. ಗಂಟೆ ಬಾರಿಸಿತು. ಹೋದಳು: ಹೊದಿಕೆ ಸರಿಮಾಡಬೇಕಂತೆ. ಬಂದು ಕೂತಳು, ಗಂಟೆ. ಹೋದಳು: ಹೊದಿಕೆ ಸೆಕೆಯಂತೆ. ಬಂದು ಲೋಟ ಎತ್ತಿ ತುಟಿಗಿಟ್ಟಳು, ಮತ್ತೆ ಗಂಟೆ. ಈ ಸಲ ಹೋದಾಗ ಮುದುಕನ ಕಣ್ಣು ಮುಚ್ಚಿತ್ತು. ಕೇಳಲು ಏನೂ ಇಲ್ಲದೆ ಒತ್ತಿ ಮಲಗಿದನೇ ಎಂದು ಮೈ ಉರಿಯಿತು. ವೈರನ್ನು ಸುತ್ತಿ, ತಲೆಯ ಮೇಲೆ ಗ್ಲೂಕೋಸ್ ಬಾಟಲಿ ನೇತುಹಾಕುವ ಕೊಕ್ಕೆಗೆ ಸಿಕ್ಕಿಸಿದಳು. ವಾಪಸು ಬಂದು ಚಹಾ ಕುಡಿದಳು. ಇನ್ನೂ ಬಿಸಿಯಿತ್ತು.

ಕೊಕ್ಕೆಗೆ ಸಿಕ್ಕಿಸುವುದು ಹೊಸದೇನಲ್ಲ. ಹಾಸಿಗೆಯ ಬಟ್ಟೆ ಬದಲಿಸುವಾಗ ವೈರು ಅಡ್ಡ ಬರಬಾರದೆಂದು ಆಯಾಗಳು ದಿನವೂ ಸಿಕ್ಕಿಸುತ್ತಾರೆ, ಬಟ್ಟೆ ಹಾಸಿದ ಮೇಲೆ ಇಳಿಸುತ್ತಾರೆ. ಆ ದಿನವೂ ಊಟದ ಹೊತ್ತಿಗೆ ಆಯಾ ತಾತನ ಹಾಸಿಗೆಯ ಬಟ್ಟೆ ಬದಲಿಸಿದ್ದಳು. ಗಂಟೆಯನ್ನು ಮರೆಯದೆ ಇಳಿಸಿಯೂ ಇದ್ದಳು.

ದೊಪ್ಪೆಂದು ಸದ್ದಾಯಿತು. ಮೊದಲು ಓಡಿ ಕಿರುಚಿದವಳು ಆಯಾ. ಮುದುಕ ಪಾಯಖಾನೆಗೆಂದು ತಾನೇ ಇಳಿಯಲು ಹೋಗಿ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು. ದೊಡ್ಡ ಸಿಸ್ಟರ್ ಓಡಿಬಂದಳು ನಿಜ. ಆದರೆ ಅವಳ ಕಣ್ಣು ಮೊದಲು ಹೋದದ್ದು ಬಿದ್ದವನ ಮೇಲಲ್ಲ, ಕೊಕ್ಕೆಯ ಮೇಲೆ. ಅದೊಂದು ಕ್ಷಣವನ್ನು ಆಮೇಲೆ ಎಷ್ಟು ಉಜ್ಜಿದರೂ ಅವಳಿಗೆ ತೊಳೆಯಲಾಗಲಿಲ್ಲ.

ಅಷ್ಟರಲ್ಲಿ ನರ್ಸುಗಳ ಮೇಲ್ವಿಚಾರಕಿ ಮೇಟ್ರನ್ ಬಂದಾಗಿತ್ತು. ಮೇಟ್ರನ್ ಕೂಡ ಕೊಕ್ಕೆ ನೋಡಿದಳು.

ಸಂಜೆ ಮೇಟ್ರನ್ ತನ್ನ ಕೋಣೆಗೆ ಆಯಾ, ದೊಡ್ಡ ಸಿಸ್ಟರ್ ಇಬ್ಬರನ್ನೂ ಕರೆಸಿದಳು. "ಬೆಲ್ ಮೇಲೆ ಹಾಕಿದ್ದು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕದ್ದವನು ಎನ್ನುತ್ತಾರೆ. ಇಲ್ಲಿ ಕದಿಯದವಳು ಹೆಗಲು ಮುಟ್ಟಿ ನೋಡಿಕೊಂಡಳು. ಕದ್ದವಳು ಕೈಕಟ್ಟಿ ನಿಂತಿದ್ದಳು.

"ಬಟ್ಟೆ ಬದಲಿಸಿದ್ದು ನಾನೇ ಮೇಡಂ," ಎಂದಳು ಆಯಾ. "ಇಳಿಸಿದ ನೆನಪು. ಇಳಿಸಿದ್ನೋ ಇಲ್ವೋ... ದಿನಾ ಮಾಡೋ ಕೆಲಸ, ನೆನ್ನೇದು ಇವತ್ತಿಂದು ಎಲ್ಲಾ ಒಂದೇ ಥರ ಕಾಣುತ್ತೆ."

"ಇಳಿಸಿದ್ದರೆ ಅದು ತಾನಾಗೇ ಹಾರಿ ಕೂತ್ಕೊಳ್ತಾ?" ಮೇಟ್ರನ್ ದೊಡ್ಡ ಸಿಸ್ಟರ್ ಕಡೆ ತಿರುಗಿದಳು. "ನೀನೇನಾದ್ರೂ ನೋಡಿದೆಯಾ?"

"ಇಲ್ಲ," ಎಂದಳು ದೊಡ್ಡ ಸಿಸ್ಟರ್.

ಒಂದೇ ಮಾತು. ಇಷ್ಟು ಸಲೀಸಾಗಿ ಬಂದೀತೆಂದು ಅವಳಿಗೇ ಗೊತ್ತಿರಲಿಲ್ಲ.

"ನಾಳೆ ಆಸ್ಪತ್ರೆಯ ವಕೀಲರು ಬರ್ತಾರೆ. ಅವರು ಕೇಳಿ ಆದಮೇಲೆ ನಿನ್ನ ಕೆಲಸದ ಮಾತು," ಎಂದು ಮೇಟ್ರನ್ ಆಯಾಳನ್ನು ಕಳಿಸಿದಳು.

ಈ ಆಯಾ ಹೊರಗಿನವಳಲ್ಲ, ದೊಡ್ಡ ಸಿಸ್ಟರಿನ ಒಡಹುಟ್ಟಿದ ತಮ್ಮನ ಹೆಂಡತಿ. ಒಂದೇ ಮನೆ, ಒಂದೇ ಒಲೆ. ಕೆಲಸ ಕೊಡಿಸಿದವಳೂ ದೊಡ್ಡ ಸಿಸ್ಟರೇ. ತಮ್ಮ ಟೈರಿಗೆ ಪಂಕ್ಚರ್ ಹಾಕುವವನು. ಅಪ್ಪ ತೀರಿಕೊಂಡ ವರ್ಷ ಮನೆಯಲ್ಲಿ ಒಬ್ಬರು ಮಾತ್ರ ಓದಬಹುದು ಎಂದಾದಾಗ, "ಅಕ್ಕ ಓದಲಿ, ನನಗೆ ಹೇಗೂ ಲೆಕ್ಕ ತಲೆಗೆ ಹತ್ತಲ್ಲ" ಎಂದು ಚೀಲ ಮೂಲೆಗೆಸೆದವನು. ಲೆಕ್ಕ ಅವನಿಗೆ ಚೆನ್ನಾಗಿಯೇ ಹತ್ತುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಅವನು ತಟ್ಟೆ ತಳ್ಳಿದ. "ದೊಡ್ಡವರು ತಪ್ಪು ಮಾಡಿದ್ರೆ ಗಾಳಿಗೆ ಹೋಗುತ್ತೆ, ನೆಲ ಒರೆಸೋಳ ತಲೆಗೆ ಮಾತ್ರ ನೆಟ್ಟಗೆ ಬಂದು ಕೂರುತ್ತೆ. ಯಾರೋ ಒಬ್ಬರು ಹಾಕಿರ್ತಾರೆ ಅಕ್ಕಾ! ಬಾಯಿ ಬಿಡ್ತಿಲ್ಲ, ಹೇಡಿ ನನ್ಮಗಂದು. ಸಿಕ್ಕಿದ್ರೆ ಆ ವೈರನ್ನೇ ಕುತ್ತಿಗೆಗೆ ಸುತ್ತುತ್ತೀನಿ."

"ಸುಮ್ನಿರಿ, ನಾನೇ ಮರೆತಿರ್ಬೇಕು," ಎಂದಳು ಹೆಂಡತಿ. ಅಳುತ್ತಿರಲಿಲ್ಲ, ಅತ್ತು ಮುಗಿದಿತ್ತು. "ಪಾಪ ತಾತ. ನನ್ನಿಂದ ಮೂಳೆ ಮುರ್ಕೊಂಡ. ಅಕ್ಕಾ, ನೀವು ಯಾಕೆ ತಿಂತಿಲ್ಲ? ನನಗೋಸ್ಕರ ನೀವು ಉಪವಾಸ ಬೀಳ್ಬೇಡಿ."

"ನನ್ನಕ್ಕನ ಥರ ಇನ್ನಿಬ್ಬರು ಇದ್ದಿದ್ರೆ ಆ ಆಸ್ಪತ್ರೆ ಉದ್ಧಾರ ಆಗೋದು," ಎಂದ ತಮ್ಮ.

ದೊಡ್ಡ ಸಿಸ್ಟರ್ ತಟ್ಟೆಯ ಅಂಚಿಗೆ ಅನ್ನ ಸರಿಸಿದಳು. ಹೇಳಿದರೆ ನರ್ಸಿನ ಲೈಸೆನ್ಸೇ ಹೋಗಬಹುದು. ಇವನು ಎಸೆದ ಶಾಲೆಯ ಚೀಲಕ್ಕೆ ಬಂದ ಪ್ರತಿಫಲವೆಲ್ಲ ಅದೊಂದೇ. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಎನ್ನುವವನ ಮನೆ ಹಾಳು ಎಂಬುದೂ ಅವಳಿಗೆ ಗೊತ್ತಿತ್ತು.

ಮರುದಿನ ವಕೀಲರು, ಮೇಟ್ರನ್, ತಾತನ ಮಗಳು ಎಲ್ಲ ಹಾಸಿಗೆಯ ಸುತ್ತ ನಿಂತರು. ಆಯಾ ಹಾಸಿಗೆಯ ಕಾಲುಗಡೆ ನಿಂತು ಸೆರಗು ಹಿಂಡುತ್ತಿದ್ದಳು. ದೊಡ್ಡ ಸಿಸ್ಟರ್ ಔಷಧದ ಟ್ರೇ ಹಿಡಿದಿದ್ದಳು. ಖಾಲಿ ಕೈಯಲ್ಲಿ ನಿಲ್ಲುವ ಧೈರ್ಯವಿರಲಿಲ್ಲ.

"ಹೇಳಿ ಯಜಮಾನರೇ, ಬೆಲ್ ಅಲ್ಲಿಗೆ ಹೇಗೆ ಹೋಯ್ತು?" ಎಂದರು ವಕೀಲರು.

ಮುದುಕ ಎಲ್ಲರ ಮುಖವನ್ನೂ ನೋಡಿದ. ದೊಡ್ಡ ಸಿಸ್ಟರಿನ ಮುಖದ ಮೇಲೆ ಅವನ ಕಣ್ಣು ಒಂದಿಷ್ಟು ಹೊತ್ತು ನಿಂತಿತು. "ನಾನೇ ಹಾಕ್ದೆ ಸ್ವಾಮಿ. ಕೈಗೆ ಅಡ್ಡ ಬರ್ತಿತ್ತು."

ಕೂತಲ್ಲಿಂದ ಏಳಲಾಗದವನು ತಲೆಯ ಮೇಲಿನ ಕೊಕ್ಕೆಯನ್ನು ಹೇಗೆ ಮುಟ್ಟಿದ ಎಂದು ಯಾರೂ ಕೇಳಲಿಲ್ಲ. ಬೇಕಾದ ಉತ್ತರ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ ಯಾರಿಗೆ ಬೇಕು? "ಹಾಗಾದ್ರೆ ಆಸ್ಪತ್ರೆಯ ತಪ್ಪಿಲ್ಲ," ಎಂದು ವಕೀಲರು ಚೀಲ ಹೆಗಲಿಗೇರಿಸಿದರು. ಆಯಾ ಅಲ್ಲೇ ಗೋಡೆಗೊರಗಿದಳು, ಹೋದ ಜೀವ ಬಂದಂತೆ. ಮಗಳು ಮಾತ್ರ ಹಣೆ ಚಚ್ಚಿಕೊಂಡಳು. "ಅಪ್ಪಾ, ನಿನಗೇನು ಬುದ್ಧಿಗಿದ್ಧಿ ಇದೆಯಾ? ಮಕ್ಕಳು ವಾಸಿ! ಮಾಡ್ಕೊಳ್ಳೋದು ನೀನು, ಅನುಭವಿಸೋದು ನಾವು." ಮುದುಕ ಬೈಸಿಕೊಳ್ಳುತ್ತಲೇ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ.

ಎಲ್ಲರೂ ಹೋದ ಮೇಲೆ ದೊಡ್ಡ ಸಿಸ್ಟರ್ ಹಾಸಿಗೆಯ ಹತ್ತಿರ ಬಂದಳು. ಎದೆ ಹಗುರಾಗಿತ್ತು, ಹಗುರಾಗಿದೆಯಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ದೇವರಂಥ ಮುದುಕ, ಕ್ಷಮಿಸಿಬಿಟ್ಟ ಎಂದುಕೊಂಡಳು.

"ತಾತಾ, ನಿನ್ನೆ ನಾನು ಬಂದಾಗ ನಿಮಗೆ ಎಚ್ಚರ ಇತ್ತಾ?"

"ಇತ್ತು. ನೋವಿಗೆ ಕಣ್ಣು ಮುಚ್ಚಿದ್ದೆ. ಪಾಯಖಾನೆಗೆ ಕರ್ಕೊಂಡು ಹೋಗಿ ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ನೀವು..." ಅವನು ಕೊಕ್ಕೆಯ ಕಡೆ ನೋಡಿ ತಟ್ಟನೆ ಕಣ್ಣು ತಗ್ಗಿಸಿದ.

"ಮತ್ತೆ ನನ್ನನ್ನ ಯಾಕೆ ಉಳಿಸಿದ್ರಿ?"

"ಉಳಿಸೋದಾ?" ಅವನು ಹೆದರುತ್ತಲೇ ನಕ್ಕ. "ಇನ್ನೂ ಎಷ್ಟು ದಿನ ಇಲ್ಲಿ ಬಿದ್ದಿರ್ಬೇಕೋ ಸಿಸ್ಟರ್. ನೀರು ಕೊಡೋದು ನೀವೇ, ಸೂಜಿ ಚುಚ್ಚೋದೂ ನೀವೇ. ನೀರಲ್ಲಿದ್ದು ಮೊಸಳೆ ಜೊತೆ ಹಗೆತನ ಆಗುತ್ತಾ? ಅಯ್ಯೋ, ಮೊಸಳೆ ಅಂದಿದ್ದು ಗಾದೆಗೆ ಅಷ್ಟೇ, ಮನಸ್ಸಿಗೆ ಹಚ್ಕೋಬೇಡಿ."

ಆಗ ಅವಳಿಗೆ ವಾಸನೆ ಬಡಿಯಿತು. ಹೊದಿಕೆ ಸರಿಸಿದಳು. ಹಾಸಿಗೆ ಸೊಂಟದಿಂದ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಗಂಟೆಯ ಗುಂಡಿ ಅವನ ಬೆರಳಿನ ಪಕ್ಕದಲ್ಲೇ ಇತ್ತು.

"ತಾತಾ, ಬೆಲ್ ಇಲ್ಲೇ ಇದೆಯಲ್ಲ. ಒತ್ತಬಾರದಿತ್ತಾ?"

"ನೀವು ಚಹಾ ಕುಡೀತಿರ್ತೀರೇನೋ ಅನ್ನಿಸ್ತು," ಎಂದ ಮುದುಕ.

ಕ್ಷಮೆ ಅಂದುಕೊಂಡದ್ದು ಭಯವಾಗಿತ್ತು. ಕೈಲಾಗದ ಒಬ್ಬ ಮನುಷ್ಯ ಅವಳಿಗೆ ಹೆದರಿ ತನ್ನ ಮಗಳಿಂದ ಬೈಸಿಕೊಂಡಿದ್ದ, ಹೆದರಿ ಉಚ್ಚೆಯಲ್ಲಿ ಮಲಗಿದ್ದ. ನೆಲ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು. ನೆಲ ಅಂಥದ್ದಕ್ಕೆಲ್ಲ ಬಾಯಿ ಬಿಡುವುದಿಲ್ಲ. ನೋವಾಗದಂತೆ ಅವನನ್ನು ಹೊರಳಿಸಲು ಕಿರಿಯ ನರ್ಸನ್ನು ಕರೆದು, ತಾನೇ ಮೈ ಒರೆಸಿ ಬಟ್ಟೆ ಬದಲಿಸಿದಳು. ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ ಮಗಳ ಹತ್ತಿರ ಹೋದಳು. "ನಿಮ್ಮಪ್ಪನ ತಪ್ಪಿಲ್ಲ. ನನ್ನ ಜೊತೆ ಬನ್ನಿ," ಎಂದಳು.

ಮೇಟ್ರನ್ ಕೋಣೆಯಲ್ಲಿ ಮಾತು ಶುರುಮಾಡಿದಾಗಲೂ ಹಾಳು ನಾಲಿಗೆ ದಾರಿ ಹುಡುಕಿತು. "ಬೆಲ್ ಮೇಲೆ ಹಾಕಿದ್ದು ನಾನು. ನಿನ್ನೆ ವಾರ್ಡಲ್ಲಿ ಕೆಲಸ ಜಾಸ್ತಿ..." ನಿಂತಳು. "ಇಲ್ಲ. ಆ ಹೊತ್ತಲ್ಲಿ ಕೆಲಸ ಇರಲಿಲ್ಲ. ಚಹಾ ಆರಿಹೋಗುತ್ತೆ ಅಂತ ಹಾಕಿದೆ. ಬಟ್ಟೆ ಬದಲಿಸಿದವಳು ಬೆಲ್ ಇಳಿಸಿಯೇ ಹೋಗಿದ್ಲು. ನೀವು ಕೇಳಿದಾಗ ಸುಳ್ಳು ಹೇಳಿದೆ."

"ಆರಿದ ಬೂದಿ ಯಾಕೆ ಕೆದಕ್ತೀಯೇ?" ಮೇಟ್ರನ್ ಮಗಳ ಕಡೆ ಕಣ್ಣು ಹಾಯಿಸಿ ಹಲ್ಲು ಕಚ್ಚಿದಳು. "ಲೈಸೆನ್ಸಿಗೆ ಕುತ್ತು ಬರುತ್ತೆ, ಗೊತ್ತಲ್ಲ?"

"ಗೊತ್ತು. ಹುಡುಗಿಯರಿಗೆ ಅದನ್ನ ಹೇಳಿಕೊಡೋಳೇ ನಾನು."

ಮಗಳು ಅಪ್ಪನನ್ನು ಬೈದ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

ಬಾಗಿಲಲ್ಲಿ ಬಕೆಟ್ ಹಿಡಿದು ಆಯಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ದೊಡ್ಡ ಸಿಸ್ಟರ್ ತಲೆ ಎತ್ತಿದಳು. ಅಕ್ಕಾ ಎನ್ನುತ್ತಾಳೇನೋ, ಉಗಿಯುತ್ತಾಳೇನೋ ಎಂದು ಕಾದಳು. ಆಯಾ ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಆಡಿದ ಮಾತುಗಳನ್ನು ಒಂದೊಂದಾಗಿ ನೆನೆಸಿಕೊಳ್ಳುವವಳಂತೆ ನೋಡಿದಳು.

ವಾರ್ಡಿನ ಕಡೆಯಿಂದ ಗಂಟೆ ಬಾರಿಸಿತು. ದೊಡ್ಡ ಸಿಸ್ಟರ್ ಅಭ್ಯಾಸಬಲದಿಂದ ಬಾಗಿಲ ಕಡೆ ಹೆಜ್ಜೆ ಹಾಕಿದಳು.

"ನೀನು ನಿಲ್ಲು," ಎಂದಳು ಮೇಟ್ರನ್. "ನೀನಿನ್ನು ಹೋಗೋ ಹಾಗಿಲ್ಲ."

ಆಯಾ ಬಕೆಟ್ ಕೆಳಗಿಟ್ಟಳು. "ನಾನು ನೋಡ್ತೀನಿ ಸಿಸ್ಟರ್," ಎಂದು ಓಡಿದಳು.