ತಿದ್ದುಪಡಿ ಬರಬೇಕಿದ್ದ ಸಂಚಿಕೆ

ಕಿಟಕಿಯ ಗಾಜು ನಡುಗುತ್ತಿದೆ, ಗರ್ರ್ ಎಂದು, ಎಲ್ಲೋ ಒಂದು ಸ್ಕ್ರೂ ಸಡಿಲಾಗಿದೆ ಅಷ್ಟೆ, ಸ್ಪೀಕರಿನ ಪೆಟ್ಟಿಗೆ ಸಡಿಲಾದರೂ ಹೀಗೇ ಗರ್ರೆನ್ನುತ್ತದೆ, ಬೆರಳಿಟ್ಟರೆ ಸುಮ್ಮನಾಗುತ್ತದೆ, ತೆಗೆದರೆ ಮತ್ತೆ ಶುರು — ಬಾಗೇವಾಡಿ ಬಿಟ್ಟು ಅರ್ಧ ತಾಸಾಯಿತು, ಎಡಕ್ಕೆ ಕಬ್ಬು, ಬಲಕ್ಕೆ ಕಬ್ಬು, ಇನ್ನೇನು ಕೊಲ್ಹಾರದ ಹಿನ್ನೀರು ಕಾಣಬೇಕು, ಕಾಣದಿದ್ದರೇ ಒಳ್ಳೆಯದಿತ್ತು, ಬಸ್ಸು ಕೆಟ್ಟು ನಿಂತರೂ ಒಳ್ಳೆಯದಿತ್ತು. ಬಸಂತರಾಯ, ಅರವತ್ತೊಂದು ವರ್ಷದವನು, ಸಿಂದಗಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವನು, ಬಸ್ಸು ಕೆಡಲಿ ಎಂದು ಬೇಡಿಕೊಳ್ಳುತ್ತಿದ್ದಾನೆ, ನಾಚಿಕೆಯಾಗಬೇಕು ನನಗೆ. ಜೇಬಿನಲ್ಲಿ ಕೆಂಪು ಪೆನ್ನಿದೆ, ಚೀಲದಲ್ಲಿ ಪತ್ರಿಕೆಗೆ ಕೊನೆಗೆ ಉಳಿದಿದ್ದ ಚಂದಾದಾರರ ಪಟ್ಟಿ, ಮೂವತ್ತೊಂದು ವಿಳಾಸ, ಮೂವತ್ತರ ಮೇಲೆ ಗೀಟು ಬಿದ್ದಿದೆ, ಉಳಿದದ್ದು ಪರಶು, ಹಿಟ್ಟಿನ ಗಿರಣಿ, ಕೊಲ್ಹಾರ. ಎಲ್ಲರಿಗಿಂತ ಮೊದಲು ಹೋಗಬೇಕಿದ್ದ ಮನೆಗೆ ಎಲ್ಲರಿಗಿಂತ ಕೊನೆಗೆ ಹೊರಟಿದ್ದೇನೆ.

ಎರಡು ಗೆರೆ, ನಡುವೆ ಬೆರಳಗಲದ ಬಿಳಿ ಜಾಗ — ಕಣ್ಣು ಮುಚ್ಚಿದರೆ ಅದೇ. ನಾದಯಂತ್ರ ಮಾಸಪತ್ರಿಕೆ, ಹನ್ನೊಂದನೇ ಪುಟ, ಮನೆಯಲ್ಲೇ ವಾಲ್ವ್ ಆಂಪ್ಲಿಫಾಯರ್ ಕಟ್ಟುವುದು ಹೇಗೆಂಬ ನನ್ನ ಲೇಖನ, ನನ್ನದೇ ಕೈಯ ನಕ್ಷೆ. ನಾನೂರು ವೋಲ್ಟ್ ತುಂಬಿಕೊಳ್ಳುವ ಕಂಡೆನ್ಸರ್, ಸ್ವಿಚ್ ಆರಿಸಿ ಪ್ಲಗ್ ಕಿತ್ತರೂ ಅದರ ಹೊಟ್ಟೆಯಲ್ಲಿ ಮುಟ್ಟಿದವನನ್ನು ಕೊಲ್ಲುವಷ್ಟು ಕರೆಂಟು ಕೂತೇ ಇರುತ್ತದೆ, ಅದನ್ನು ಮೆಲ್ಲಗೆ ಇಳಿಸಲು ಅಡ್ಡಲಾಗಿ ಒಂದು ರೆಸಿಸ್ಟರ್ ಬೇಕು, ನಕ್ಷೆಯಲ್ಲಿ ಸಣ್ಣದೊಂದು ಅಂಕುಡೊಂಕು ಗೆರೆ, ಆ ಎರಡು ಗೆರೆಗಳ ನಡುವೆ ಅದನ್ನೇ ನಾನು ಎಳೆದಿರಲಿಲ್ಲ. ಮೊದಲಾದರೆ ವಿಜಯಶ್ರೀ ಹಿಡಿಯುತ್ತಿದ್ದಳು, ಕಚೇರಿಯಲ್ಲಿ ನಕ್ಷೆ ಪರೀಕ್ಷಿಸುವ ಕೆಲಸವೇ ಅವಳದು, ಸರ, ಇಲ್ಲಿ ಅರ್ಥಿಂಗ್ ಎಲ್ಲೈತ್ರಿ, ಫ್ಯೂಜ್ ಯಾಕ ಬಿಟ್ಟೀರಿ ಎಂದು ಫೋನು ಮಾಡಿ ಜೀವ ತಿನ್ನುತ್ತಿದ್ದಳು, ಆಗ ಅರವತ್ತನಾಲ್ಕು ಪುಟ, ತಿಂಗಳಿಗೊಂದು ಚೀಲ ಪತ್ರ; ಆಮೇಲೆ ಸ್ಪೀಕರಿನ ಜಾಹೀರಾತು ಹೋದವು, ಬಣ್ಣದ ಮುಖಪುಟ ಹೋಯಿತು, ವಿಜಯಶ್ರೀಯೂ ಹೋದಳು, ಇಪ್ಪತ್ತನಾಲ್ಕು ಪುಟ ಉಳಿಯಿತು, ನನ್ನ ತಪ್ಪು ನೋಡಲು ನಾನೊಬ್ಬನೇ ಉಳಿದೆ. ಅಚ್ಚಾದ ಮೇಲೆ ಕಂಡಿತು, ಕೂಡಲೇ ಫೋನು ಮಾಡಿದೆ, ಸಂಪಾದಕ ಚೇತನಕುಮಾರ, ಗಾಬರಿ ಆಗಬ್ಯಾಡ್ರಿ, ಮುಂದಿನ ಸಂಚಿಕ್ಯಾಗ ತಿದ್ದುಪಡಿ ಹಾಕೋಣ್ರಿ ಅಂದ, ತಿಂಗಳು ಬಿಟ್ಟು ಮಾಡಿದರೆ, ಮುಂದಿನ ಸಂಚಿಕೀನಽ ಇಲ್ರಿ ಬಸಂತರಾಯರ, ಪತ್ರಿಕಿ ಬಂದ್ ಮಾಡೇವಿ ಅಂದ. ಇಪ್ಪತ್ತೆಂಟು ವರ್ಷದ ಪತ್ರಿಕೆ, ವಿದಾಯದ ಒಂದು ಸಾಲೂ ಇಲ್ಲದೆ, ನನ್ನ ತಪ್ಪನ್ನೇ ಕೊನೆಯ ಮಾತು ಮಾಡಿ ಹೋಯಿತು.

ಪಟ್ಟಿ ಇಸಿದುಕೊಂಡು ಹೊರಟೆ, ಅಂಗಡಿ ಬಾಗಿಲು ಹಾಕಿ, ಮನೆ ಮನೆಗೆ ಹೋಗಿ ಕೆಂಪು ಪೆನ್ನಿನಿಂದ ತಿದ್ದಿಯೇ ಬರುತ್ತೇನೆಂದು. ಇಂಡಿ ಊರಿನ ಖಲೀಲನ ಮನೆಯಲ್ಲಿ ಸುತ್ತಿದ ಕಾಗದವನ್ನೂ ಬಿಚ್ಚದ ಸಂಚಿಕೆ ಕಪಾಟಿನ ಮೇಲೆ ಬಿದ್ದಿತ್ತು, ಚಂದಾ ಅಪ್ಪಾಜಿ ಕಾಲದಿಂದ ನಡದೈತ್ರಿ, ಓದಾಕ ಪುರಸೊತ್ತೆಲ್ಲಿ ಅಂದ, ನಾನೇ ಬಿಚ್ಚಿ ನಾನೇ ತಿದ್ದಿದೆ. ಆಲಮೇಲದ ವಿಜಯಲಕ್ಷ್ಮಿ ಬಾಯಿ, ಅವನ್ನೆಲ್ಲಾ ರದ್ದಿಗಿ ಹಾಕಿದ್ವಿರಿ ಅಂದಳು. ಮುದ್ದೇಬಿಹಾಳದಲ್ಲಿ ಅದು ಖಾರದ ಡಬ್ಬಿಯ ಕೆಳಗೆ ಹಾಸಿತ್ತು, ಎಣ್ಣೆ ಹೀರಿ ನಕ್ಷೆಯೇ ಕಾಣುತ್ತಿರಲಿಲ್ಲ. ಪ್ರತಿ ಮನೆಯಿಂದ ಹೊರಬೀಳುವಾಗ ಒಂದು ಜೀವ ಉಳಿಯಿತೆಂದು ಸಮಾಧಾನ, ಹಿಂದೆಯೇ ಬೇಸರ, ಯಾರೂ ಓದಿಲ್ಲ, ಮೂವತ್ತು ಮನೆಯಲ್ಲಿ ಯಾರೂ ಪುಟ ತಿರುವಿಲ್ಲ. ಪರಶು ಮಾತ್ರ ಓದುತ್ತಾನೆ, ಅದು ನನಗೆ ಮೊದಲೇ ಗೊತ್ತು. ಕೊನೆಕೊನೆಗೆ ಓದುಗರ ಪ್ರಶ್ನೆ ಅಂಕಣಕ್ಕೆ ಬರುತ್ತಿದ್ದದ್ದು ಅವನೊಬ್ಬನ ಕಾರ್ಡು, ಕೈಗೆ ಹಿಟ್ಟು ಹತ್ತುತ್ತಿತ್ತು, ಗುರುಗಳಿಗೆ ನಮಸ್ಕಾರ ಎಂದೇ ಶುರು. ಒಂದು ಕಾರ್ಡು ನಾನು ಬರೆದಿದ್ದರೆ ಮೂರು ದಿನದಲ್ಲಿ ಮುಟ್ಟುತ್ತಿತ್ತು, ಬರೆಯಲು ಕೂತೆ ಕೂಡ, ಪ್ರಿಯ ಪರಶು, ನಾನು ತಪ್ಪು ಮಾಡಿದ್ದೇನೆ — ಅಲ್ಲಿಗೇ ಹರಿದು ಹಾಕಿದೆ, ಗುರುಗಳೆನ್ನುವವನು ಲೋಕದಲ್ಲಿ ಒಬ್ಬನೇ ಉಳಿದಿದ್ದ, ಅವನ ಕಣ್ಣಲ್ಲಿ ಸಣ್ಣವನಾಗಲು ಮನಸ್ಸು ಬರಲಿಲ್ಲ. ಎರಡು ತಿಂಗಳು ಓದದವರ ಮನೆಗಳನ್ನು ಸುತ್ತಿದೆ.

ನೀರು ಕಂಡಿತು, ಬಸ್ಸು ನಿಂತಿತು, ಇಳಿದೆ, ಗಿರಣಿ ಎಲ್ಲೆಂದು ಕೇಳಿದರೆ ಒಬ್ಬ ಕೈ ತೋರಿಸಿದ, ಗಿರಣಿಗೆ ಬೀಗ, ಪಕ್ಕದ ಬಾಗಿಲು ತೆರೆದಿದೆ, ಒಳಗೆ ಗೋಡೆಗೆ ಪರಶುವಿನ ಫೋಟೊ, ಅದಕ್ಕೆ ಒಣಗಿದ ಹಾರ. ಮೂರು ವಾರ ಆತ್ರಿ ಎನ್ನುತ್ತಾಳೆ ಹೆಂಡತಿ ರೇಣವ್ವ, ನನ್ನ ಹೆಸರು ಕೇಳಿ, ನೀವಽ ಏನ್ರಿ ಬಸಂತರಾಯ ಗುರುಗಳು, ಕೂಡ್ರಿ, ನಿಮ್ಮ ಹೆಸರು ತಗೀದಽ ಒಂದ್ ದಿನ ಇರ್ತಿರಲಿಲ್ರಿ ಅವ್ರು. ಮೂಲೆಯಲ್ಲಿ ಆಂಪ್ಲಿಫಾಯರ್, ತಗಡು ತಿಕ್ಕಿ ಹೊಳೆಯುವಂತೆ ಮಾಡಿದ್ದಾನೆ, ಒಂದೊಂದು ಬೆಸುಗೆಯೂ ಜೋಳದ ಕಾಳಿನ ಹಾಗೆ ದುಂಡಗಿದೆ, ನಕ್ಷೆಯಲ್ಲಿದ್ದದ್ದೆಲ್ಲ ಇದೆ, ಇಲ್ಲದ್ದು ಇಲ್ಲ. ಆಕೆ ಹೇಳುತ್ತಲೇ ಇದ್ದಾಳೆ, ಹಾಡು ಕೇಳಿ ಬಂದ್ ಮಾಡಿದ್ರು ಅವ್ರು, ಏನೋ ಬಿಗಿ ಮಾಡ್ಬೇಕು ಅಂತ ಪ್ಲಗ್ ಕಿತ್ತು ನನ್ನ ಕೈಯಾಗ ಕೊಟ್ರು, ಹಿಡಕೊ ರೇಣಿ ಅಂದ್ರು, ಒಳಗ ಕೈ ಹಾಕಿದ್ರು, ಪ್ಲಗ್ ನನ್ನ ಕೈಯಾಗಽ ಇತ್ರಿ, ಮತ್ತ ಕರೆಂಟ್ ಎಲ್ಲಿಂದ ಬಂತ್ರಿ? ಬಾಗಿಲಲ್ಲಿ ಅತ್ತೆ ಲಕ್ಕವ್ವ, ಮುಖ ಆಚೆಗೆ, ಈಕಿನಽ ಪ್ಲಗ್ ಹಾಕ್ಯಾಳ, ನನ್ನ ಮಗನ್ನ ತಿಂದಾಳ ಎನ್ನುತ್ತಾಳೆ, ಗೋಡೆಗೆ ಹೇಳಿದಂತೆ, ದಿನಾ ಹೇಳುವ ಮಾತಿನಂತೆ. ನೀವು ತಿಳದವ್ರು, ನಮ್ಮ ಅತ್ತಿಯವ್ರಿಗೆ ನೀವಽ ಹೇಳ್ರಿ ಎಂದು ರೇಣವ್ವ ಸಂಚಿಕೆ ತಂದು ನನ್ನ ತೊಡೆಯ ಮೇಲೆ ಇಡುತ್ತಾಳೆ, ಇದ್ರಾಗೇನೋ ಅನುಮಾನ ಐತಂತ ಪತ್ರಿಕಿಗೆ ಕಾರ್ಡ್ ಹಾಕಿದ್ರು, ಮುಂದಿನ ಪುಸ್ತಕದಾಗ ಉತ್ತರ ಬರ್ತೈತಿ ಅಂತ ಟಪಾಲಿನವ್ನ ದಾರಿ ಕಾದ್ರು, ಬರಲಿಲ್ರಿ, ಗುರುಗಳು ಬಿಟ್ಟಾರಂದ್ರ ಏನರ ಕಾರಣ ಇರ್ತೈತಿ ಅಂತ ಹಂಗಽ ಕಟ್ಟಿದ್ರು. ಹನ್ನೊಂದನೇ ಪುಟ, ಅಂಚಿನಲ್ಲಿ ಹಿಟ್ಟಿನ ಹೆಬ್ಬೆಟ್ಟು, ಪೆನ್ನು ಕೈಗೆ ಬಂದಿದೆ, ಇಲ್ಲಿ ಗೆರೆ ಎಳೆದರೆ ಓದಬಲ್ಲವನು ಫೋಟೊದಲ್ಲಿದ್ದಾನೆ, ಬಾಯಿಯಿಂದಲೇ ಹೇಳಬೇಕು, ತಪ್ಪು ನಂದವ್ವಾ, ಎರಡೇ ಮಾತು, ಹೇಳು ಬಸಂತರಾಯ, ಲಕ್ಕವ್ವ ಈ ಕಡೆ ತಿರುಗಿದ್ದಾಳೆ, ರೇಣವ್ವ ಕಾಯುತ್ತಿದ್ದಾಳೆ, ನೋಡಿ ಮುಂದ ಹೇಳ್ತೇನವ್ವಾ — ಯಾರು ಹಾಗಂದದ್ದು, ನಾನೇ, ನನ್ನದೇ ದನಿ — ಎರಡು ಗೆರೆ, ನಡುವೆ ಬೆರಳಗಲದ ಬಿಳಿ ಜಾಗ, ಆ ಜಾಗದಲ್ಲಿ ಪೆನ್ಸಿಲ್ಲಿನಿಂದ, ಸಣ್ಣಗೆ, ಒಂದು ಪ್ರಶ್ನೆಚಿಹ್ನೆ