ದೊಡ್ಡ ಅಂಕಿ

ಆರು, ಅದರ ಪಕ್ಕದಲ್ಲಿ ಮಿಣುಕುವ ಗೆರೆ, ಕಿಟಕಿಯ ಬಿಸಿಲು ಆಗಲೇ ಕೀಬೋರ್ಡಿನವರೆಗೆ ಬಂದಿದೆ, ಹನ್ನೊಂದೂವರೆ ಇರಬೇಕು, ಹನ್ನೆರಡಕ್ಕೆ ಬಿಡುಗಡೆ, ಹೊಸ ಆಪರೇಟಿಂಗ್ ಸಿಸ್ಟಂ ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ, ಅದರೊಳಗೆ ನನ್ನ ಲೈಬ್ರರಿ, ಸಿದ್ಧ ಕೋಡಿನ ಕಟ್ಟು, ನೂರಾರು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವುದು ಇದೊಂದನ್ನೇ, ಹೆಸರಿನ ಕೊನೆಗೆ ಎರಡು ಅಂಕಿ, ಮೊದಲಿನದು ದೊಡ್ಡದು, ಆಮೇಲಿನದು ಚಿಕ್ಕದು, ಹೊಸದೇನಾದರೂ ಸೇರಿಸಿದರೆ ಚಿಕ್ಕದನ್ನು ಏರಿಸಬೇಕು, ಇದ್ದುದನ್ನು ತೆಗೆದರೆ ದೊಡ್ಡದನ್ನು — ದೊಡ್ಡದು ಏರಿದರೆ ಹಳೆಯ ಲೈಬ್ರರಿಯೂ ಪಕ್ಕದಲ್ಲೇ ಉಳಿಯುತ್ತದೆ, ಹಳೆಯ ಪ್ರೋಗ್ರಾಂಗಳು ಅದನ್ನೇ ಹುಡುಕಿಕೊಂಡು ಹೋಗುತ್ತವೆ, ಹೊಸದಾಗಿ ಸೇರಿದವರಿಗೆ ಇದನ್ನು ಬಾಯಿಪಾಠ ಮಾಡಿಸುವವಳು ನಾನೇ, ಹೋದ ವಾರ ಅದರೊಳಗಿಂದ, ಕರೆದಾಗ ಒಂದು ಕೆಲಸ ಮಾಡಿಕೊಡುವ ಹಳೆಯ ಫಂಕ್ಷನ್ ಒಂದನ್ನು ಕಿತ್ತು, ಚಿಕ್ಕ ಅಂಕಿ ಏರಿಸಿ ಕೈತೊಳೆದುಕೊಂಡವಳೂ ನಾನೇ, ಯಾರು ಬಳಸುತ್ತಾರೆ ಅದನ್ನು, ನಮ್ಮ ಪಟ್ಟಿಯಲ್ಲಿ ಹುಡುಕಿದೆ, ಒಬ್ಬರೂ ಇಲ್ಲ.

ಅಪ್ಪ ಪಟ್ಟಿಯಲ್ಲಿ ಇಲ್ಲ. ಅಪ್ಪನ ಕಣ್ಣು ಹೋದಾಗ ನಾನೇ ಬರೆದುಕೊಟ್ಟ ಪ್ರೋಗ್ರಾಂ, ಪುಸ್ತಕ ಓದಿ ಹೇಳುತ್ತದೆ, ಅವರ ಬಾಯಲ್ಲಿ ಅದು ಗಿಳಿ, ನಿನ್ನೆ ಅವರ ಕಂಪ್ಯೂಟರಿಗೆ ಬಿಡುಗಡೆಗೆ ಮೊದಲೇ ಹೊಸ ಸಿಸ್ಟಂ ಹಾಕಿದೆ, ಬೆಳಿಗ್ಗೆ ಕಾಫಿ ಹೊತ್ತಿಗೆ ಅಪ್ಪ, ನಿನ್ನ ಗಿಳಿಗೆ ಏನಾಯ್ತಮ್ಮ, ಕೊಲೆಗಾರ ಬೇರೆ ಯಾರೂ ಅಲ್ಲ ಅಂತು, ಬಾಯಿ ಹೊಲ್ಕೊಂಡು ಕೂತ್ಬಿಡ್ತು, ನಕ್ಕೆ, ಆಮೇಲೆ ಹೊಳೆಯಿತು, ಹೆಸರಿನಲ್ಲಿ ದೊಡ್ಡ ಅಂಕಿ ಇನ್ನೂ ಆರೇ ಇದೆಯಲ್ಲ ಎಂದು ನಂಬಿ ಪ್ರೋಗ್ರಾಂ ಶುರುವಾಯಿತು, ಪುಟ ಮುಗಿದು ಮುಂದಿನದಕ್ಕೆ ಹೋಗುವಾಗ ಆ ಫಂಕ್ಷನ್ನನ್ನು ಕರೆಯಿತು, ಓಗೊಡುವವರಿಲ್ಲ, ಅಲ್ಲೇ ನಿಂತಿತು, ಅಪ್ಪ ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು, ಯಾರಾದರೂ ಮಾತಾಡಿಸಿದರೆ ನಿಲ್ಲಿಸಿದ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ತಲೆ ಎತ್ತುತ್ತಿದ್ದರು, ಈಗ ಸಾಲಿಲ್ಲ, ಪುಟವಿಲ್ಲ, ಬರಿಯ ಮೇಜಿನ ಮೇಲೆ ಬೆರಳು. ಕೆಟ್ಟಿರೋದು ನನ್ನದೊಂದೇನಾ, ಎಲ್ಲರದ್ದೂನಾ? ನಿಮ್ಮದೊಂದೇ ಅಪ್ಪ, ಸಂಜೆ ಬಂದು ಸರಿಮಾಡ್ತೀನಿ, ಅಂದೆ, ಚಪ್ಪಲಿ ಹಾಕಿಕೊಂಡು ಆಫೀಸಿಗೆ ಬಂದುಬಿಟ್ಟೆ.

ಅಪ್ಪನದು ಐದು ನಿಮಿಷದ ಕೆಲಸ, ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಆರು ಏಳಾದರೆ ಬಿಡುಗಡೆ ನಿಲ್ಲುತ್ತದೆ, ಇದನ್ನು ನಂಬಿದ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಕಟ್ಟಬೇಕು, ಮೂರು ದಿನ, ಹದಿನೆಂಟು ವರ್ಷದಲ್ಲಿ ಒಂದು ಸಲವೂ ನನ್ನಿಂದ ಬಿಡುಗಡೆ ನಿಂತಿಲ್ಲ, ಆ ಜಂಬವೂ ಹೋಗುತ್ತದೆ, ಎದುರು ಮೇಜಿನಿಂದ ಬಿಡುಗಡೆ ನೋಡಿಕೊಳ್ಳುವವನ ದನಿ, ಮೇಡಂ, ಕಳಿಸ್ಬಿಡ್ಲಾ, ಬೇಡ, ಅಂದೆ, ತಪ್ಪು ನನ್ನದು, ದೊಡ್ಡ ಅಂಕಿ ಏರಿಸ್ಬೇಕಿತ್ತು, ಅಯ್ಯೋ ಮೇಡಂ, ಯಾರೋ ಒಬ್ರಿಗೋಸ್ಕರ ಮೂರು ದಿನಾನಾ — ಒಬ್ರು ನನಗೆ ಗೊತ್ತಿರೋರು ಕಣಪ್ಪ, ಗೊತ್ತಿಲ್ಲದೋರು ಎಷ್ಟು ಜನಾನೋ, ಕಿವಿ ಬಿಸಿಯಾಗಿದೆ, ನಾಚಿಕೆ, ಇರಲಿ, ಆರನ್ನು ಅಳಿಸಿದೆ, ಏಳು, ಪರದೆಯ ಮೇಲೆ ಸಾಲುಗಳು ಓಡತೊಡಗಿವೆ, ಸಂಜೆ ಬೇಗ ಹೊರಡಬೇಕು, ನಿಮ್ಮದೊಂದೇ ಅಲ್ಲ, ಎಲ್ಲರದ್ದೂ ಅಪ್ಪ ಎಂದು ಹೇಳಬೇಕು, ಊಟಕ್ಕಾದರೂ ಎದ್ದಿರುತ್ತಾರೋ ಇಲ್ಲವೋ, ಎದ್ದರೆ ಸಾಲು ತಪ್ಪುತ್ತದೆ ಎನ್ನುವ ಮನುಷ್ಯ, ಬರಿಯ ಮೇಜು, ಅದರ ಮೇಲೆ ಆ ಬೆರಳು.