ಹಿಂದಲೆಯ ಮುಖ

"ಬ್ಯಾನರ್‌ನಲ್ಲಿ ತಪ್ಪಾಗಿದೆ ಸರ್," ಎಂದ ಆದರ್ಶ.

ಕುರ್ಚಿಯ ಮೇಲೆ ನಿಂತು ಬ್ಯಾನರಿನ ಮೂಲೆಗೆ ದಾರ ಕಟ್ಟುತ್ತಿದ್ದ ಉಮಾಕಾಂತರು ಕನ್ನಡಕ ಸರಿಮಾಡಿಕೊಂಡರು. ಬರೋಡಾದ ಕನ್ನಡಿಗರ ಸಂಘಕ್ಕೆ ಅವರೇ ಕಾರ್ಯದರ್ಶಿ. ಬ್ಯಾಂಕಿನವರು, ತಪ್ಪು ಎಂದರೆ ತಕ್ಷಣ ಗಾಬರಿಯಾಗುವವರು.

"ಹೆಸರು ಬರೋಬ್ಬರಿ ಅದ ಅಲ್ಲೋ?"

"ಹೆಸರಲ್ಲ ಸರ್. ಕೆಳಗಡೆ. ಕ್ಯಾನ್ಸರ್ ಅಂತ ಹಾಕ್ಸಿದೀರ. ಅವನಿಗೆ ಬಂದಿದ್ದು ಜ್ವರ."

ಉಮಾಕಾಂತರು ಕೆಳಗಿಳಿದರು. ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆದರು. ಆದರ್ಶನ ಮುಖ ನೋಡದೆ ಅವನ ಶರ್ಟಿನ ಗುಂಡಿ ನೋಡಿದರು.

"ನಿನಗ ಹೇಳಿರಲಿಲ್ಲೇನಪಾ ಅಂವ?"

ಆದರ್ಶ ನಕ್ಕ. ಸುಮುಖ್ ಸತ್ತು ತಿಂಗಳಾಗಿತ್ತು. ಆದರೂ ಅವನು ಪರದೆಯ ಹಿಂದಿನಿಂದ ಕೇಕೆ ಹಾಕುತ್ತ ಹೊರಬರಬಹುದು ಎನಿಸಿತು. "ಸೀನ್ ಚೆನ್ನಾಗಿದೆ ಸರ್. ಕಟ್ ಯಾರು ಹೇಳ್ತಾರೆ?"

ಯಾರೂ ಹೇಳಲಿಲ್ಲ. ಅಲ್ಕಾಪುರಿಯ ಆ ಬಾಡಿಗೆ ಹಾಲ್‌ನಲ್ಲಿ ಜನ ಆಗಲೇ ಕೂರತೊಡಗಿದ್ದರು. ಬ್ಯಾನರಿನಲ್ಲಿ ಸುಮುಖ್‌ಗೆ ತುಂಬ ಕೂದಲಿತ್ತು. ಕೆಳಗೆ ಬರೆದಿತ್ತು: ಕ್ಯಾನ್ಸರಿನ ನಡುವೆಯೂ ಪರರಿಗೆ ಆಸರೆಯಾದ ಯುವಕನಿಗೆ ನುಡಿನಮನ.

ಆದರ್ಶನ ಜೇಬಿನಲ್ಲಿ ಮಡಿಸಿದ ಭಾಷಣವಿತ್ತು. ಅದರಲ್ಲಿ ಜ್ವರವಿತ್ತು. ಹಾಳು ಜ್ವರ, ಕಣ್ಣುಮುಚ್ಚಿ ತೆರೆಯುವುದರೊಳಗೆ ನನ್ನ ಗೆಳೆಯನನ್ನು ಕಸಿದ ಜ್ವರ. ಕನ್ನಡಿಯ ಮುಂದೆ ಓದಿ, "ಕಸಿದ" ಎನ್ನುವಲ್ಲಿ ಧ್ವನಿ ಒಡೆಯುವ ಹಾಗೆ ಅಭ್ಯಾಸ ಮಾಡಿದ್ದ.

ಊರಿಗೆ ಹೋದ ಸುಮುಖ್ ದಾವಣಗೆರೆಯಿಂದ ಫೋನು ಮಾಡಿ, "ಸಣ್ಣ ಜ್ವರ ಮಗಾ, ಅಮ್ಮ ವಾಪಸ್ ಬಿಡ್ತಿಲ್ಲ," ಎಂದಿದ್ದ. ಆಮೇಲೆ ಅವನ ತಂದೆಯ ಫೋನು ಬಂತು. ಅವರು ಹೋಗಿಬಿಟ್ಟ ಎಂದಷ್ಟೇ ಹೇಳಿದರು. ಉಳಿದದ್ದನ್ನು ಆದರ್ಶನೇ ತುಂಬಿಕೊಂಡಿದ್ದ.

ಒಬ್ಬೊಬ್ಬರೇ ಮೈಕಿನ ಮುಂದೆ ಬಂದರು. ರೈಲ್ವೆಯವರು ಬಂದರು, ವಿಮೆಯವರು ಬಂದರು. ಎಲ್ಲರೂ ಒಂದೇ ಮಾತು ಹೇಳಿದರು: ನನಗೊಬ್ಬನಿಗೇ ಹೇಳಿದ್ದ. ಉಮಾಕಾಂತರ ಹೆಂಡತಿ ಶಾರದಾ ಸೆರಗಿನಿಂದ ಮೂಗು ಒರೆಸಿಕೊಂಡರು. "ನಮ್ಮನಿಗೆ ಊಟಕ್ಕ ಬಂದಾಗ ಹೇಳಿದ್ದ. ಯಾರಿಗೂ ಹೇಳಬ್ಯಾಡ್ರಿ ಅಕ್ಕಾ, ಅಂದ. ತನಗ ಸಲೈನ್ ಹಚ್ಚಿದ್ರೂ ಆ ಸ್ಟ್ಯಾಂಡ್ ತಳ್ಳಿಕೋತ ಬ್ಯಾರೆಯವರ ಹಾಸಿಗಿ ಕಡೆ ಹೋಗ್ತಿದ್ನಂತ."

ಸೂರತ್‌ನ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಎಂದರು. ಅಲ್ಲಿನ ಪಾಂಡೇಸರಾದ ಬಣ್ಣದ ಮಿಲ್ಲುಗಳಿಗೆ ರಾಯಚೂರು, ಯಾದಗಿರಿಯಿಂದ ಬಂದ ಕೂಲಿಯವರು. ಹಿಂದಿ ಬಾರದು, ಗುಜರಾತಿ ಬಾರದು. ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಅವರಿಗೆ ಹೇಳುತ್ತಿದ್ದವನು ಸುಮುಖ್. ಸಾಯುತ್ತೀಯ ಎನ್ನುವುದನ್ನೂ ಅವನೇ ಹೇಳಬೇಕಾಗುತ್ತಿತ್ತು.

ಸೂರತ್. ಆದರ್ಶನಿಗೆ ಗೊತ್ತಿದ್ದ ಸೂರತ್ ಬೇರೆ. ಬರೋಡಾದ ಗೋರ್ವಾದಲ್ಲಿ ಒಂದೇ ಫ್ಲ್ಯಾಟಿನಲ್ಲಿದ್ದು ಇಬ್ಬರೂ ಎರಡು ವರ್ಷ ಒಂದೇ ಟವೆಲ್ ಎಳೆದಾಡಿದವರು. ಶನಿವಾರವಾದರೆ ಸುಮುಖ್ ಬ್ಯಾಗು ಹೆಗಲಿಗೇರಿಸುತ್ತಿದ್ದ. "ಹುಡುಗಿ ಕಣೋ. ಪೂರ್ವಿ ಅಂತ." ಆದರ್ಶ ಅವನಿಗೆ ಸೆಂಟು ಹೊಡೆದು, ಬಾಗಿಲಲ್ಲಿ ಹಿನ್ನೆಲೆ ಸಂಗೀತ ಬಾಯಲ್ಲೇ ಬಾರಿಸಿ ಕಳಿಸುತ್ತಿದ್ದ. ಆಫೀಸಿನಲ್ಲಿ ಅವನ ಪರವಾಗಿ ಸುಳ್ಳು ಹೇಳುತ್ತಿದ್ದ.

ಒಮ್ಮೆ ಸುಮುಖ್ ತಲೆ ಬೋಳಿಸಿಕೊಂಡು ಬಂದ. ತಿರುಪತಿಯಲ್ಲಿ ಮುಡಿ ಕೊಟ್ಟೆ, ಹರಕೆ, ಎಂದ. ಡಬ್ಬಿಯಲ್ಲಿ ಲಾಡು ತಂದಿದ್ದ. ದೇವರನ್ನು ನಂಬದ ಆದರ್ಶ ಕೂಡ ಅದನ್ನು ಕಣ್ಣಿಗೊತ್ತಿಕೊಂಡು ತಿಂದ.

ಆ ರಾತ್ರಿ ಗೆಳೆಯ ಬೋರಲು ಮಲಗಿದ್ದಾಗ ಅವನ ಬೋಳು ಹಿಂದಲೆಗೆ ಮಾರ್ಕರ್‌ನಲ್ಲಿ ಒಂದು ಮುಖ ಬರೆದ. ಒಂದು ಹುಬ್ಬು ಮೇಲಕ್ಕೆ, ಗಿರಿಜಾ ಮೀಸೆ, ಮುಂದಿನ ಹಲ್ಲೊಂದು ಇಲ್ಲದ ದೊಡ್ಡ ನಗು. ಸುಮುಖ್‌ಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಆ ಮುಖ ಹೊತ್ತುಕೊಂಡೇ ಹಾಲು ತರಲು ಹೋದ. ಆದರ್ಶ ವಿಡಿಯೋ ಮಾಡಿ ಸಂಘದ ಗ್ರೂಪಿಗೆ ಹಾಕಿದ. ಎಲ್ಲರೂ ನಗುವ ಗೊಂಬೆಗಳನ್ನು ಸುರಿದಿದ್ದರು.

ಎಲ್ಲರೂ. ಗೊತ್ತಿದ್ದವರೆಲ್ಲರೂ.

"ಈಗ ಸುಮುಖ್‌ನ ಆಪ್ತ ಗೆಳೆಯ," ಎಂದು ಉಮಾಕಾಂತರು ಮೈಕಿನಲ್ಲಿ ಹೇಳಿ, ಆ ಪದದ ಬಳಿ ಸ್ವಲ್ಪ ತಡವರಿಸಿದರು.

ಆದರ್ಶ ಎದ್ದು ಹೋದ. ಕಾಗದ ಹೊರತೆಗೆಯಲಿಲ್ಲ. "ಸುಮುಖ್ ಒಳ್ಳೇ ನಟ," ಎಂದ. ಇಳಿದು ಬಂದ. ಜನ ಅದನ್ನು ಮೆಚ್ಚುಗೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಮೆಟ್ಟಿಲ ಬಳಿ ತಲೆಗೆ ಸ್ಕಾರ್ಫ್ ಕಟ್ಟಿದ ಹುಡುಗಿ ಅವನನ್ನು ತಡೆದಳು. ಇಪ್ಪತ್ತೆರಡಿರಬಹುದು. ಹುಬ್ಬುಗಳನ್ನು ಪೆನ್ಸಿಲ್‌ನಲ್ಲಿ ತಿದ್ದಿಕೊಂಡಿದ್ದಳು.

"ನೀವು ಆದರ್ಶ ಭಾಯ್, ನಾ? ನಾನು ಪೂರ್ವಿ. ಸೂರತ್‌ದು. ಮಮ್ಮಿ ಕನ್ನಡದವರು. ನನ್ನ ಕನ್ನಡ ಥೋಡಾ ವೀಕ್ ಇದೆ, ನಗಬೇಡಿ."

"ಹೀರೋಯಿನ್," ಎಂದ ಆದರ್ಶ.

"ಪೇಷಂಟ್," ಎಂದಳು ಅವಳು. "ಸುಮುಖ್ ಭಾಯ್ ಪಕ್ಕದ ಬೆಡ್."

"ತಿರುಪತಿ ಲಾಡು?"

"ಮಮ್ಮಿ ಮಾಡಿದ್ದು. ಪಚ್ಚ ಕರ್ಪೂರ ಹಾಕಿದ್ರೆ ಅದೇ ಸ್ಮೆಲ್ ಬರುತ್ತೆ. ಚೆನ್ನಾಗಿತ್ತಾ?"

ಆದರ್ಶ ಒಂದು ಮೆಟ್ಟಿಲು ಇಳಿದ. ಕೆಳಗಿನ ಹೋಟೆಲಿನಿಂದ ಒಗ್ಗರಣೆಯ ವಾಸನೆ ಮೇಲೆ ಬರುತ್ತಿತ್ತು.

"ಬರೋಡಾದಲ್ಲೇ ಆಸ್ಪತ್ರೆ ಇರಲಿಲ್ವಾ?"

"ಇದೆ. ಇಲ್ಲಿ ನೀವೂ ಇದೀರಲ್ಲ." ಅವಳು ಸಹಜವಾಗಿ ಹೇಳಿದಳು. "ನಿಮಗೆ ಗೊತ್ತಾದ್ರೆ ನೀವು ಫನ್ನಿ ಇರಲ್ಲ ಅಂದ. ನಿಮ್ಮ ವಿಡಿಯೋ ಪ್ರತಿ ಸಂಡೇ ನಾವೆಲ್ಲ ನೋಡ್ತೀವಿ. ಆ ವಿಲನ್ ಡಯಲಾಗ್, ಮಸ್ತ್. ಒಬ್ಬ ಅಂಕಲ್ ಊಟ ಮಾಡ್ತಾನೇ ಇರಲಿಲ್ಲ. ನಿಮ್ಮನ್ನ ನೋಡ್ತಾ ಮಾಡ್ದ."

ಆದರ್ಶ ಪ್ರತಿ ವಾರ ಸುಮುಖ್‌ಗೆ ಒಂದು ವಿಡಿಯೋ ಕಳಿಸುತ್ತಿದ್ದ. ಅವನಿಗೊಬ್ಬನಿಗೇ. ಬನಿಯನ್ನಿನಲ್ಲಿ ನಿಂತು, ಸೌಟು ಹಿಡಿದು, ತಾನೇ ಹೊಸೆದ ಡಯಲಾಗು ಹೊಡೆಯುತ್ತಿದ್ದ: ಹೊಡೆಯೋಕ್ ಮುಂಚೆ ನಿನ್ ಅಡ್ರೆಸ್ ಕೇಳಲ್ಲ, ಹೊಡೆದ್ ಮೇಲೆ ಆಸ್ಪತ್ರೆ ಅಡ್ರೆಸ್ ನಾನೇ ಕೊಡ್ತೀನಿ.

"ಇವತ್ತು ಸಂಡೇ," ಎಂದಳು ಪೂರ್ವಿ. "ನನ್ನ ಜೊತೆ ಬನ್ನಿ. ಅವರಿಗೆ ಸುಮುಖ್ ಭಾಯ್ ಇಲ್ಲ ಅಂತ ಗೊತ್ತಿಲ್ಲ. ವಾಸಿ ಆಯ್ತು, ಊರಿಗೆ ಹೋದ ಅಂತ ಹೇಳಿದೀವಿ. ಅವನೇ ಹಾಗೆ ಹೇಳಕ್ಕೆ ಹೇಳಿದ್ದು. ನೀವೂ ಅದೇ ಹೇಳಿ, ಪ್ಲೀಸ್."

"ನಂಗೆ ಹೇಳಕ್ಕೆ ಏನಾದ್ರೂ ಹೇಳಿದ್ನಾ?"

ಅವಳು ನಿಜವಾಗಿಯೂ ಯೋಚಿಸಿದಳು. "ಇಲ್ಲ," ಎಂದಳು.

ಸೂರತ್ ರೈಲಿನಲ್ಲಿ ಭಾನುವಾರದ ನೂಕುನುಗ್ಗಲು. ಪೂರ್ವಿಗೆ ಸೀಟು ಸಿಕ್ಕಿತು. ಅವಳು ಕಿಟಕಿಗೆ ಒರಗಿ ನಿದ್ದೆ ಹೋದಳು. ಆದರ್ಶ ಬಾಗಿಲ ಬಳಿ ನಿಂತ. ಭರೂಚ್ ದಾಟಿ ನರ್ಮದೆಯ ಸೇತುವೆಯ ಮೇಲೆ ಯಾರೋ ನಾಣ್ಯ ಎಸೆದು ಕೈ ಮುಗಿದರು. ಅವನು ಭಾಷಣದ ಕಾಗದ ಎಸೆದ. ಗಾಳಿ ಅದನ್ನು ಮರಳಿ ಹಿಂದಿನ ಬೋಗಿಯೊಳಕ್ಕೇ ತಳ್ಳಿದಂತಾಯಿತು.

ಹೇಳಿಬಿಡುತ್ತೇನೆ ಎಂದುಕೊಂಡ. ಒಳಗೆ ಹೋಗುತ್ತಲೇ ಹೇಳುತ್ತೇನೆ. ನಿಮ್ಮ ಸುಮುಖ್ ವಾಸಿಯಾಗಲಿಲ್ಲ, ಸತ್ತ. ನನಗೆ ಮಾಡಿದ್ದನ್ನೇ ನಿಮಗೂ ಮಾಡಿದ್ದಾನೆ.

ಆ ಮಾತಿಗೆ ಧ್ವನಿ ಹುಡುಕಿದ. ವಿಲನ್ ಧ್ವನಿ ಬಂತು. ತಾಯಿ ಪಾತ್ರದ ಅಳು ಬಂತು. ಪೊಲೀಸ್ ಅಧಿಕಾರಿಯ ಗತ್ತು ಬಂತು. ಬಾಗಿಲ ಬಳಿ ನಿಂತವರು ಅವನ ತುಟಿ ಅಲುಗುವುದನ್ನು ನೋಡಿ ಸ್ವಲ್ಪ ಸರಿದು ನಿಂತರು. ಸೂರತ್ ಬಂದರೂ ತನ್ನದೆನ್ನುವ ಧ್ವನಿ ಸಿಕ್ಕಿರಲಿಲ್ಲ.

ಹೊರ ಊರಿನ ರೋಗಿಗಳು ಇಳಿದುಕೊಳ್ಳುವ ಧರ್ಮಶಾಲೆ ಆಸ್ಪತ್ರೆಯ ಹಿಂದಿತ್ತು. ಅಂಗಳದಲ್ಲಿ ಚಾದರಗಳು ಒಣಗುತ್ತಿದ್ದವು. ಒಳಗಿನ ಹಾಲ್‌ನಿಂದ ನಗು ಕೇಳುತ್ತಿತ್ತು.

"ಶುರು ಮಾಡೇ ಬಿಟ್ರು," ಎಂದಳು ಪೂರ್ವಿ, ಚಪ್ಪಲಿ ಬಿಡುತ್ತ. "ಹೊಸದು ಬರದಿದ್ರೆ ಹಳೇದೇ ಹಾಕ್ತಾರೆ."

ಆದರ್ಶ ಹೊಸ್ತಿಲಲ್ಲಿ ನಿಂತ.

ದೂರದ ಗೋಡೆಯ ಟಿವಿಯಲ್ಲಿ ಅವನೇ ಇದ್ದ. ಬನಿಯನ್ನು, ಸೌಟು. ಟಿವಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಬಾಗಿಲಿಗೆ ಬೆನ್ನು ಹಾಕಿ ಕೂತ ಮುದುಕರು, ಮಿಲ್ಲಿನ ಗಂಡಾಳುಗಳು, ನೈಟಿ ತೊಟ್ಟ ಹೆಂಗಸರು. ಎಲ್ಲರ ತಲೆ ಬೋಳು.

ಪ್ರತಿ ಹಿಂದಲೆಯ ಮೇಲೂ ಒಂದು ಮುಖ. ಒಂದು ಹುಬ್ಬು ಮೇಲಕ್ಕೆ, ಗಿರಿಜಾ ಮೀಸೆ, ಹಲ್ಲೊಂದು ಇಲ್ಲದ ದೊಡ್ಡ ನಗು. ಹೆಂಗಸರಿಗೂ ಮೀಸೆ.

"ಸಂಡೇ ಸಂಡೇ ಬರೀತೀವಿ. ಕಾಡಿಗೆ ಪೆನ್ಸಿಲ್," ಎಂದಳು ಪೂರ್ವಿ. "ಸುಮುಖ್ ಭಾಯ್ ರೂಲ್. ಕೂದಲು ಹೋದ ದಿನ ಯಾರೂ ಅಳಬಾರದು, ಮುಖ ಬರೆಸ್ಕೋಬೇಕು." ಅವಳು ಸ್ಕಾರ್ಫ್ ಬಿಚ್ಚುತ್ತ ಮುಂದೆ ನಡೆದಳು. ಅವಳು ದೂರವಾದಂತೆ ಅವಳ ಹಿಂದಲೆ ಅವನನ್ನೇ ನೋಡಿ ನಗುತ್ತಿತ್ತು. ಸಾಲಿನ ನಡುವಿನ ಖಾಲಿ ಕುರ್ಚಿಯಲ್ಲಿ ಅವಳು ಕೂತಳು.

"ಸುಮುಖ್..." ಎಂದ ಆದರ್ಶ.

ಟಿವಿಯಲ್ಲಿ ಆದರ್ಶ ಸೌಟು ಎತ್ತಿದ. ಸಾಲಿನಲ್ಲಿ ಒಬ್ಬಾತ, ಕೈಗೆ ಸೂಜಿಯ ಪಟ್ಟಿ ಅಂಟಿಸಿಕೊಂಡಿದ್ದವನು, ತಿರುಗಿ ನೋಡದೆಯೇ ಆ ಕೈ ಎತ್ತಿದ.

"ಸುಮ್ನಿರಲೇ ಯಪ್ಪಾ. ಈಗ ಬರ್ತದ ನೋಡು ಡೈಲಾಗು."

ಡೈಲಾಗು ಬಂತು. ಭುಜಗಳು ಕುಲುಕಿದವು. ಒಬ್ಬ ಮುದುಕನ ಹಿಂದಲೆಯಲ್ಲಿ ಬೆವರಿಗೆ ಮೀಸೆ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ಯಾರೂ ತಿರುಗಲಿಲ್ಲ. ಆದರ್ಶ ಬಾಯಿ ತೆರೆದುಕೊಂಡೇ ನಿಂತಿದ್ದ; ಮೇಲೆದ್ದ ಹುಬ್ಬುಗಳು, ಹಲ್ಲಿಲ್ಲದ ಸಂದಿಗಳು, ಅವನೇ ಬರೆದಿದ್ದ ಆ ಮುಖ, ಸಾಲುಸಾಲಾಗಿ, ರೆಪ್ಪೆ ಬಡಿಯದೆ, ಅವನನ್ನು ನೋಡುತ್ತಿತ್ತು.